ತೂಬಿನ ಮೇಲಿನ ಬುತ್ತಿ

ಕೊಲಂಬೊ

ಶ್ರೀಲಂಕಾದ ನೆಲಕ್ಕೆ ಕಾಲಿಟ್ಟು ಒಂದು ಗಂಟೆಯೂ ಆಗಿರಲಿಲ್ಲ, ಬಂದೂಕು ಹೆಗಲಿಗೇರಿಸಿಕೊಂಡ ಸೈನಿಕನೊಬ್ಬ ನಮ್ಮವ್ವ ಕಟ್ಟಿಕೊಟ್ಟಿದ್ದ ಶೇಂಗಾ ಚಟ್ನಿಪುಡಿಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ. ಆ ದೇಶದಲ್ಲಿ ಆಗ ಅಂತರ್ಯುದ್ಧದ ಕಾಲ, ರಸ್ತೆ ರಸ್ತೆಗೂ ತಪಾಸಣೆ. ಪುಡಿ ಅಂದರೆ ಅನುಮಾನ, ಕೆಂಪು ಪುಡಿ ಅಂದರೆ ಇನ್ನಷ್ಟು ಅನುಮಾನ. ನಾನು "ಫುಡ್, ಫುಡ್" ಎಂದೆ. ಅವನು ನಂಬಲಿಲ್ಲ. ಕೊನೆಗೆ ನಾನೇ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ತೋರಿಸಿದೆ. ಅವನೂ ಒಂದು ಚಿಟಿಕೆ ಹಾಕಿಕೊಂಡ. ಕಣ್ಣಲ್ಲಿ ನೀರು ಬಂತು. ಆದರೂ ಇನ್ನೊಂದು ಚಿಟಿಕೆ ತೆಗೆದುಕೊಂಡ. ಆಮೇಲೆ ಪೊಟ್ಟಣ ಮಡಚಿಕೊಟ್ಟು, ಹೋಗಿ ಎಂದು ಕೈಬೀಸಿದ.

ನಾವು ಹೋದದ್ದು ಮೂವರು. ಸಂಡೂರಿನ ಬಳಿಯ ಸ್ನಾತಕೋತ್ತರ ಕೇಂದ್ರದಲ್ಲಿ ನಮಗೆ ಇತಿಹಾಸ ಕಲಿಸುತ್ತಿದ್ದ ಕೊಟ್ರೇಶ್ ಸರ್, ಅವರ ವಿದ್ಯಾರ್ಥಿನಿಯರಾದ ಗಿರಿಜಾ ಮತ್ತು ನಾನು. ಹಳೆಯ ಕೆರೆಗಳನ್ನು ನೋಡಿ ಬರೆಯುವ ಎರಡು ವಾರದ ಕೆಲಸಕ್ಕೆ ಅಲ್ಲಿನ ವಿಶ್ವವಿದ್ಯಾಲಯವೊಂದು ಕರೆದಿತ್ತು. ಗಿರಿಜಾ ಹೊಸಪೇಟೆಯ ಚಿತ್ತವಾಡ್ಗಿಯವಳು, ಲಾರಿ ಟೈರಿನ ಅಂಗಡಿಯವರ ಮಗಳು. ನಾನು ಕಂಪ್ಲಿಯವಳು, ಹೆಸರು ಸುಜಾತಾ. ಹುಬ್ಬಳ್ಳಿಯಿಂದ ಆಚೆ ಏನಿದೆ ಎಂದು ಇಬ್ಬರಿಗೂ ಅಷ್ಟಾಗಿ ಗೊತ್ತಿರಲಿಲ್ಲ. ಸರ್ ಕೂಡ ವಿಮಾನ ಹತ್ತಿದ್ದು ಅದೇ ಮೊದಲು. ಹಾರುವಷ್ಟು ಹೊತ್ತೂ ಮುಂದಿನ ಸೀಟನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದರು, ಆ ಸೀಟಿನಲ್ಲಿದ್ದ ಹೆಂಗಸು ಎರಡು ಸಲ ಹಿಂತಿರುಗಿ ನೋಡಿದರೂ ಬಿಡಲಿಲ್ಲ.

ಕೊಲಂಬೊದಲ್ಲಿ ನಮ್ಮನ್ನು ಎದುರುಗೊಂಡದ್ದು ನಿಲ್ಮಿಣಿ ಮೇಡಂ, ಅಲ್ಲಿನ ಇತಿಹಾಸದ ಅಧ್ಯಾಪಕಿ. ಇಂಗ್ಲಿಷನ್ನು ನಿಧಾನವಾಗಿ, ನಮಗೆ ತಿಳಿಯುವ ಹಾಗೆ ಆಡುತ್ತಿದ್ದರು. ಮೊದಲು ಒಂದು ಹೋಟೆಲಿಗೆ ಕರೆದೊಯ್ದು ತಾವು ಫೋನು ಮಾಡಲು ಹೊರಗೆ ಹೋದರು. ಕೇಳದೆಯೇ ಮಾಣಿ ಒಂದು ದೊಡ್ಡ ತಟ್ಟೆಯ ತುಂಬ ವಡೆ, ಬನ್ನು, ಕರಿದ ತಿಂಡಿ ತಂದಿಟ್ಟ. ಅತಿಥಿಸತ್ಕಾರ ಎಂದುಕೊಂಡು ನಾವು ಮೂವರೂ ಪಟ್ಟಾಗಿ ಕೂತು ತಟ್ಟೆ ಖಾಲಿ ಮಾಡಿದೆವು. ಉಳಿಸಿದರೆ ಬೇಜಾರಾಗುತ್ತಾರೆ ಎಂದು ಸರ್ ಕೊನೆಯ ಬನ್ನನ್ನೂ ಬಿಡಲಿಲ್ಲ. ಆಮೇಲೆ ಗೊತ್ತಾಯಿತು: ಅಲ್ಲಿ ತಟ್ಟೆಯ ತುಂಬ ತಂದಿಡುತ್ತಾರೆ, ಬೇಕಾದ ಒಂದೆರಡನ್ನು ತಿನ್ನಬೇಕು, ಉಳಿದದ್ದು ಮುಂದಿನ ಮೇಜಿಗೆ ಹೋಗುತ್ತದೆ. ಮಾಣಿ ಖಾಲಿ ತಟ್ಟೆಯನ್ನೂ ಸರ್ ಅವರ ಹೊಟ್ಟೆಯನ್ನೂ ಗೌರವದಿಂದ ನೋಡಿ ಹೋದ.

ರೈಲಿನಲ್ಲಿ

ಅನುರಾಧಪುರದ ರೈಲು ನಮ್ಮ ಹೊಸಪೇಟೆಯ ಪ್ಯಾಸೆಂಜರಿನ ಹಾಗೆಯೇ ಎಲ್ಲಿ ಬೇಕಾದರೂ ನಿಲ್ಲುತ್ತಿತ್ತು. ಕಿಟಕಿಯಾಚೆ ತೆಂಗು, ಗದ್ದೆ, ಮತ್ತೆ ತೆಂಗು. ನಿಲ್ದಾಣಗಳ ಹೆಸರನ್ನು ನೋಡಿದರೆ ಅಕ್ಷರಗಳೆಲ್ಲ ನಮ್ಮವುಗಳ ಹಾಗೆ ದುಂಡಗೆ. ಈಗ ಓದಿಯೇಬಿಡುತ್ತೇನೆ ಅನ್ನಿಸುತ್ತಿತ್ತು, ಒಂದೂ ಓದಲಾಗುತ್ತಿರಲಿಲ್ಲ. ಎದುರಿಗೆ ಕೂತ ಸರ್ ನನ್ನನ್ನು ಕೇಳಿದರು.

"ಸುಜಾತಾ, ವಿಷಯ ಏನಾತವಾ? ಊರು ಮುಟ್ಟೂದ್ರೊಳಗ ಹೇಳಬೇಕು. ಇಲ್ಲಂದ್ರ ನಾನ ಒಂದು ಕೊಡ್ತೀನಿ, ಅದನ್ನ ಬರೀಬೇಕು."

ವಿಷಯ ಅಂದರೆ ಎಂ.ಎ. ಕೊನೆಯ ವರ್ಷ ನಾವು ಬರೆಯಬೇಕಾದ ಕಿರುಪ್ರಬಂಧದ ವಿಷಯ. ನಮ್ಮ ತರಗತಿಯಲ್ಲಿ ಎಲ್ಲರೂ ಹಂಪಿಯ ಒಂದೊಂದು ಗುಡಿ ಹಿಡಿದುಕೊಂಡಾಗಿತ್ತು. ಗಿರಿಜಾ ಒಂದು ಮಂಟಪದ ಕಂಬಗಳನ್ನು ಹಿಡಿದಿದ್ದಳು. ಕಂಪ್ಲಿಯ ಸುತ್ತ ವಿಜಯನಗರದ ಕಾಲದ ಕಾಲುವೆಗಳಲ್ಲಿ ಇವತ್ತಿಗೂ ನೀರು ಹರಿಯುತ್ತದೆ. ಆ ನೀರನ್ನು ಗದ್ದೆ ಗದ್ದೆಗೆ ಹಂಚುತ್ತಿದ್ದವರು ಯಾರು, ಹೇಗೆ ಹಂಚುತ್ತಿದ್ದರು ಎಂದು ಬರೆಯುವುದು ನನ್ನ ಆಸೆ. ಹೇಳಿದಾಗಲೆಲ್ಲ ಸರ್ ಒಂದೇ ಮಾತು ಕೇಳುತ್ತಿದ್ದರು: "ಆಧಾರ ಎಲ್ಲೈತಿ? ಕಟ್ಟಿಸಿದ ರಾಜನ ಹೆಸರು ಶಾಸನದಾಗ ಐತಿ. ಹಂಚಿದವನ ಹೆಸರು ಎಲ್ಲೈತಿ ತೋರಿಸು."

ನನಗೆ ಗೊತ್ತಿತ್ತು. ಹೇಳಲು ಬಾಯಿ ಬರುತ್ತಿರಲಿಲ್ಲ. ಕಾಲುವೆಯ ತೂಬಿನ ಹಲಗೆ ಎತ್ತಿ, ಇಳಿಸಿ, ಪಾಳಿಯ ಪ್ರಕಾರ ಗದ್ದೆಗಳಿಗೆ ನೀರು ಬಿಡುವ ಕೆಲಸ ನೀರಗಂಟಿಯದು, ಮತ್ತು ನಮ್ಮಪ್ಪ ನೀರಗಂಟಿ. ಅವರಪ್ಪನೂ ಅದೇ, ಅವರಜ್ಜನೂ ಅದೇ.

ಹೊಸಪೇಟೆಯಲ್ಲಿ ಬಿ.ಎ.ಗೆ ಸೇರಿದಾಗ ಇತಿಹಾಸದ ತರಗತಿಯಲ್ಲಿ ಬೆಂಚು ಸಾಲುತ್ತಿರಲಿಲ್ಲ. ಮೂರನೇ ವರ್ಷಕ್ಕೆ ಬರುವಷ್ಟರಲ್ಲಿ ಕಾಲು ಚಾಚಿ ಕೂರುವಷ್ಟು ಜಾಗ. ಅದು ಕಬ್ಬಿಣದ ಅದಿರಿನ ಗಣಿಗಳ ಕಾಲ. ಹುಡುಗರು ಒಬ್ಬೊಬ್ಬರಾಗಿ ಟಿಪ್ಪರ್ ಹತ್ತಿದರು, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಶಿಫ್ಟುಗಳಿಗೆ ಹೋದರು. ಒಬ್ಬ ಹಾಜರಿ ಕೂಗುವಾಗ ಇದ್ದು, ಪಾಠ ಮುಗಿಯುವಷ್ಟರಲ್ಲಿ ಲೋಡಿಂಗ್ ಸೂಪರ್‌ವೈಸರ್ ಆಗಿಹೋಗಿದ್ದ. ಉಳಿದವರಿಗೆ ಉಪನ್ಯಾಸಕರು ವಿಜಯನಗರದ ನೀರಾವರಿ ಎಂದು ನೋಟ್ಸ್ ಬರೆಸುತ್ತಿದ್ದರು: ಯಾವ ರಾಜ, ಯಾವ ಅಣೆಕಟ್ಟು. ಆ ಕಾಲುವೆಯ ಯಾವ ಕಲ್ಲು ಸಡಿಲ ಎಂದು ನಮ್ಮಪ್ಪನಿಗೆ ಗೊತ್ತಿತ್ತು. ಅದು ಇತಿಹಾಸ ಅಂತ ನನಗೂ ಅನ್ನಿಸಿರಲಿಲ್ಲ.

ಮೊದಲ ವರ್ಷದಲ್ಲೇ ಗೆಳತಿಯರು "ನಿಮ್ಮಪ್ಪ ಏನ್ ಮಾಡ್ತಾರ?" ಎಂದಾಗ ನಾನು "ಇರಿಗೇಶನ್‌ನಾಗ ಅದಾರ" ಎಂದುಬಿಟ್ಟೆ. ಅಷ್ಟೇ ಹೇಳಿದ್ದು. ಆಫೀಸರು ಎಂದು ಅವರೇ ತಿಳಿದುಕೊಂಡರು, ನಾನು ತಿದ್ದಲಿಲ್ಲ. ಒಂದು ದಿನ ಅಪ್ಪ ಸಲಿಕೆ ಕೊಳ್ಳಲು ಹೊಸಪೇಟೆಗೆ ಬಂದವರು, ಹೊಸ ಸಲಿಕೆ ಹೆಗಲ ಮೇಲಿಟ್ಟುಕೊಂಡು ಕಾಲೇಜಿನ ಗೇಟಿಗೆ ಬಂದು ನಿಂತಿದ್ದರು, ಕೈಯಲ್ಲಿ ಹಸಿ ಶೇಂಗಾ. ನಾನು ಹೋಗಿ ಇಸಿದುಕೊಂಡೆ. ಹಿಂದೆಯೇ ಬಂದ ಗಿರಿಜಾ "ಯಾರಲೇ?" ಎಂದಳು. "ನಮ್ಮೂರಾಗಿನವರು" ಎಂದೆ. ಅಪ್ಪ ಎರಡು ಮಾರು ದೂರದಲ್ಲಿದ್ದರು. ಬಸ್ಸಿಗೆ ಹೊತ್ತಾಯಿತು ಎಂದು ಹೊರಟುಹೋದರು. ಕೇಳಿಸಿತೋ ಇಲ್ಲವೋ ಎಂದು ನಾನು ಆಮೇಲೆ ಒಂದು ಸಲವೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಈ ಮಾತಿಗೆ ನಾಲ್ಕು ವರ್ಷವಾಗಿತ್ತು. ನೆನಪಾದಾಗಲೆಲ್ಲ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತಿತ್ತು.

"ವಿಚಾರ ಮಾಡಾಕತ್ತೀನ್ರಿ ಸರ್" ಎಂದು ಕಿಟಕಿಯ ಕಡೆ ತಿರುಗಿದೆ.

ಅನುರಾಧಪುರ

ಅನುರಾಧಪುರದಲ್ಲಿ ನಾವು ಇಳಿದುಕೊಂಡದ್ದು ನಿಲ್ಮಿಣಿ ಮೇಡಂ ಅವರ ತಾಯಿಯ ಮನೆಯಲ್ಲಿ. ಸ್ತೂಪಗಳಿಗೆ ಹೋಗುವಾಗ ಬಿಳಿ ಬಟ್ಟೆ ತೊಡಬೇಕು ಎಂದಿದ್ದರು. ನನ್ನ ಹತ್ತಿರ ಒಂದು ಬಿಳಿ ಚೂಡಿದಾರ ಇತ್ತು, ಹಾಗಂತ ನಾನು ತಿಳಿದಿದ್ದೆ. ಆ ತಾಯಿ ನೋಡಿ, ಗುಲಾಬಿ ಬಣ್ಣವೂ ಚೆನ್ನಾಗಿದೆ, ಆದರೆ ಬಿಳಿಯದು ಇಲ್ಲವೇ ಎಂದು ಮಗಳ ಕೈಯಲ್ಲಿ ಕೇಳಿಸಿದರು. ಸಂಡೂರಿನ ಹಾಸ್ಟೆಲಿನಲ್ಲಿ ಅದಿರಿನ ಧೂಳು ಬಾವಿಯ ನೀರಿಗೂ ಬಿದ್ದು, ಒಗೆದ ಹಾಗೆಲ್ಲ ಬಟ್ಟೆ ಕೆಂಪಾಗುತ್ತದೆ. ಅಲ್ಲಿ ಎಲ್ಲರದೂ ಹಾಗೇ ಇರುವುದರಿಂದ ನಮಗದು ಬಿಳಿ. ಇಲ್ಲಿ ನಿಜವಾದ ಬಿಳಿಯ ಪಕ್ಕದಲ್ಲಿ ನಿಂತಾಗ ನನ್ನದು ಯಾವ ಬಣ್ಣ ಎಂದು ಗೊತ್ತಾಯಿತು. ಅವರು ತಮ್ಮದೊಂದು ಬಿಳಿ ರವಿಕೆ, ಲುಂಗಿ ಕೊಟ್ಟರು. ಲುಂಗಿ ಎಲ್ಲಿ ಬಿಚ್ಚಿಹೋಗುತ್ತದೋ ಎಂದು ಆ ದಿನವೆಲ್ಲ ಒಂದು ಕೈ ಸೊಂಟದ ಮೇಲೇ ಇತ್ತು.

ಗಿರಿಜಾಳ ಫಜೀತಿ ಬೇರೆ. ದೊಡ್ಡ ಬುದ್ಧನ ಮುಂದೆ ನಿಂತು, ಬೆನ್ನು ಮೂರ್ತಿಯ ಕಡೆ ಮಾಡಿ ಫೋಟೋಕ್ಕೆ ನಕ್ಕಳು. ಕಾವಲುಗಾರ ಓಡಿಬಂದ. ಬುದ್ಧನಿಗೆ ಬೆನ್ನು ತೋರಿಸುವಂತಿಲ್ಲ, ಫೋಟೋ ಬೇಕಾದರೆ ಅವನ ಕಡೆ ಮುಖ ಮಾಡಿ ತೆಗೆಸಿಕೊಳ್ಳಬೇಕು. ಹಾಗಾಗಿ ಅವಳ ಶ್ರೀಲಂಕಾದ ಫೋಟೋಗಳಲ್ಲಿ ಜಡೆ ಮಾತ್ರ ಚೆನ್ನಾಗಿ ಬಂದಿದೆ.

ನನ್ನ ಹೆಸರು ಸುಜಾತಾ ಎಂದಾಗ ಅಲ್ಲಿ ಪ್ರತಿಯೊಬ್ಬರ ಮುಖವೂ ಅರಳುತ್ತಿತ್ತು. ಬುದ್ಧನಿಗೆ ಪಾಯಸ ಕೊಟ್ಟವಳ ಹೆಸರು ಎಂದು ಹೂ ಮಾರುವ ಹೆಂಗಸಿಗೂ ಗೊತ್ತು. ನಮ್ಮ ಮನೆಯಲ್ಲೂ ಬುದ್ಧನ ಪಟ ಇದೆ. ಅಜ್ಜನ ಕಾಲದಲ್ಲಿ ಬೌದ್ಧರಾದವರು ನಾವು. ಊರಲ್ಲಿ ಆ ಪಟ ಕಂಡವರು ನಮ್ಮ ಓಣಿ ಯಾವುದು ಎಂದು ತಿಳಿದುಕೊಂಡು ನೀರು ಕುಡಿಯದೆ ಹೋಗುವುದುಂಟು. ಇಲ್ಲಿ ಅದೇ ಬುದ್ಧನಿಗೆ ಮಂತ್ರಿಗಳೂ ಮೊಣಕಾಲೂರುತ್ತಾರಂತೆ. ನನಗೆ ಖುಷಿಯೂ ಆಯಿತು, ಒಳಗೊಳಗೇ ಸಿಟ್ಟೂ ಬಂತು.

ಮೂರನೆಯ ದಿನ ಇನ್ನೊಂದು ಗುಟ್ಟು ಹೊರಬಿತ್ತು. ಗಿರಿಜಾ ಮನೆಯವರು ಮೊಟ್ಟೆಯನ್ನೂ ಮುಟ್ಟದವರು. ಅವಳು ದಿನವೂ ಅನ್ನದ ಮೇಲೆ ಕೆಂಪು ಕಾಯಿಚಟ್ನಿ ಹಾಕಿಸಿಕೊಂಡು "ಭಾಳ ರುಚಿ ಐತಿ" ಎನ್ನುತ್ತ ಉಣ್ಣುತ್ತಿದ್ದಳು. ಮನೆಗೆ ಹೋಗಿ ಮಾಡಬೇಕು ಎಂದು ವಿಧಾನ ಕೇಳಿದಳು. ಕಾಯಿತುರಿ, ಮೆಣಸಿನಕಾಯಿ, ನಿಂಬೆ, ಒಣಮೀನಿನ ಚೂರು ಎಂದರು ಆ ತಾಯಿ. ಗಿರಿಜಾ ಮಧ್ಯಾಹ್ನದವರೆಗೆ ಬಾಯಿ ಮುಕ್ಕಳಿಸುತ್ತಲೇ ಇದ್ದಳು. ಆಮೇಲೆ ನನ್ನ ಕೈ ಹಿಡಿದು, "ಗೊತ್ತಿರಲಿಲ್ಲಲ್ಲ, ಲೆಕ್ಕಕ್ಕಿಲ್ಲ ಬಿಡು. ನೀ ಮಾತ್ರ ಯಾರ ಮುಂದೂ ಹೇಳಬ್ಯಾಡ ಲೇ" ಎಂದಳು. ಹೇಳುವುದಿಲ್ಲ ಎಂದೆ. ನನ್ನನ್ನು ಅಷ್ಟು ನಂಬುತ್ತಾಳೆ ಎಂದು ನನಗೆ ಇನ್ನೂ ಕಸಿವಿಸಿಯಾಯಿತು. (ಈಗ ಬರೆದಿದ್ದೇನೆ, ಅವಳ ಒಪ್ಪಿಗೆ ಪಡೆದೇ.)

ಕೆರೆಯ ಊರು

ಅನುರಾಧಪುರದಿಂದ ಬಸ್ಸಿನಲ್ಲಿ ಒಂದು ಸಣ್ಣ ಊರಿಗೆ ಹೋದೆವು. ಊರಿಗಿಂತ ಕೆರೆ ದೊಡ್ಡದು. ನೀರು ಕೆಳಗಿಳಿದಿತ್ತು, ಏರಿಯ ಮೇಲೆ ದನ, ಒಣಮರದ ಮೇಲೆ ನೀರುಕಾಗೆ. ನಾನು ಏರಿ ಹತ್ತಿದವಳೇ ತೂಬು ಎಲ್ಲಿದೆ ಎಂದು ಹುಡುಕಿದೆ. ನಮ್ಮ ಕಡೆಯ ಹಾಗೆ ಕೆರೆಯೊಳಗೆ ತೂಬಿನ ಎರಡು ಕಲ್ಲುಕಂಬ ಕಾಣಲಿಲ್ಲ. ಇಲ್ಲಿ ಏರಿಯ ಒಡಲಲ್ಲೇ ಒಂದು ಚೌಕನೆಯ ಕಲ್ಲಿನ ಬಾವಿ, ನೀರಿನ ರಭಸ ಅದರೊಳಗೆ ಇಳಿದು ತಣ್ಣಗಾಗಿ ಹೊರಬರುತ್ತದೆ. ಬಗ್ಗಿ ನೋಡುತ್ತಿದ್ದ ನನ್ನನ್ನು ಸರ್ "ಬಿದ್ದೀಯವಾ" ಎಂದು ಹಿಂದಕ್ಕೆಳೆದರು.

ಆ ಊರಿನ ನೀರು ನೋಡಿಕೊಳ್ಳುತ್ತಿದ್ದವರು ಬಂಡಾ ಎಂಬ ಮುದುಕರು. ಆ ಕೆಲಸಕ್ಕೆ ಅಲ್ಲಿ ವೆಲ್ ವಿದಾನೆ ಎನ್ನುತ್ತಾರೆ. ಊರೆಲ್ಲ ಅವರಿಗೆ ಎದ್ದು ನಿಲ್ಲುತ್ತಿತ್ತು. ಅಂಗಳದಲ್ಲಿ ಚಾಪೆ ಹಾಸಿ ಎಲೆಯಡಿಕೆ ಕೊಟ್ಟರು, ಆಮೇಲೆ ಹಾಲಿಲ್ಲದ, ಸಕ್ಕರೆಯಿಲ್ಲದ ಚಹ, ಬೇರೆಯಾಗಿ ಅಂಗೈಯಲ್ಲಿ ಒಂದು ಚೂರು ಬೆಲ್ಲ. ಬೆಲ್ಲ ಕಚ್ಚಬೇಕು, ಚಹ ಗುಟುಕರಿಸಬೇಕು. ಸರ್ ಬೆಲ್ಲವನ್ನು ಚಹದಲ್ಲಿ ಹಾಕಿ ಬೆರಳಿನಿಂದ ಕಲಸಿದರು. ಮಕ್ಕಳು ಬಿದ್ದು ಬಿದ್ದು ನಕ್ಕರು.

ನನಗೊಬ್ಬಳಿಗೆ ಮಾತ್ರ ಕುರ್ಚಿ ಹಾಕಿದ್ದರು. ಯಾಕೆ ಎಂದು ಕೇಳಿದೆ. "ನಿಮ್ಮ ತಂದೆ ನೀರಾವರಿ ಇಲಾಖೆಯ ದೊಡ್ಡ ಅಧಿಕಾರಿ ಎಂದು ಗಿರಿಜಾ ಹೇಳಿದಳಲ್ಲ, ನಾನು ಇವರಿಗೆ ಹೇಳಿದೆ" ಎಂದರು ನಿಲ್ಮಿಣಿ ಮೇಡಂ. ಸಮುದ್ರ ದಾಟಿದರೂ ನನ್ನ ಸುಳ್ಳು ನನ್ನನ್ನು ಬಿಟ್ಟಿರಲಿಲ್ಲ. ಕುರ್ಚಿಯ ತುದಿಯಲ್ಲಿ ಕೂತೆ.

ಬಂಡಾ ತಮ್ಮೂರಿನ ಪದ್ಧತಿ ಹೇಳಿದರು. ಕೆರೆ ತುಂಬದ ವರ್ಷ ಊರವರೆಲ್ಲ ಕೂತು, ಕೆರೆಗೆ ಹತ್ತಿರದ ಗದ್ದೆಗಳನ್ನಷ್ಟೇ ಆ ಬೆಳೆಯ ಮಟ್ಟಿಗೆ ಎಲ್ಲರಿಗೂ ಹಂಚಿಕೊಳ್ಳುತ್ತಾರೆ. ಯಾರ ಹೆಸರಿನ ಗದ್ದೆ ಎಂದು ಕೇಳುವಂತಿಲ್ಲ. ಅದಕ್ಕೆ ಬೆತ್ಮ ಎಂದು ಹೆಸರು. ನಾನು ಕಂಪ್ಲಿಯಲ್ಲಿ ಇದನ್ನು ಹೇಳಿದರೆ ಏನಾಗಬಹುದೆಂದು ಯೋಚಿಸಿದೆ. ಮೊದಲು ನಗು, ಆಮೇಲೆ ಕೋರ್ಟು.

"ನಿಮ್ಮಲ್ಲಿ ನೀರು ಕಡಿಮೆಯಾದರೆ ಏನು ಮಾಡುತ್ತೀರಿ?" ಎಂದು ಬಂಡಾ ಕೇಳಿದರು. ನಿಲ್ಮಿಣಿ ಮೇಡಂ ಇಂಗ್ಲಿಷಿಗೆ ತಿರುಗಿಸಿದರು. ಸರ್ ಕಾಲು ಗಂಟೆ ರಾಜರ ಬಗ್ಗೆ ಹೇಳಿದರು. ಬಂಡಾ ತಲೆಯಾಡಿಸಿ, "ಕಟ್ಟಿದವರು ಸರಿ. ಈಗ ಹಂಚುವವರು?" ಎಂದು ನನ್ನ ಕಡೆ ತಿರುಗಿದರು. ಇಲಾಖೆ ವೇಳಾಪಟ್ಟಿ ಮಾಡುತ್ತದೆ, ಅದರಂತೆ ಪಾಳಿ ಬರುತ್ತದೆ ಎಂದೆ. ಅವರು ಆಕಳಿಕೆಯನ್ನು ಮರ್ಯಾದೆಯಿಂದ ನುಂಗಿಕೊಂಡರು.

ಆಮೇಲೆ ಕೇಳಿದರು: "ಮೇಲಿನ ಗದ್ದೆಯವನು ಊರಿನ ದೊಡ್ಡ ಮನುಷ್ಯ. ಅವನ ಪಾಳಿ ಮುಗಿದಿದೆ. ಆದರೂ ತೂಬು ಮುಚ್ಚಲು ಬಿಡುವುದಿಲ್ಲ. ಕೊನೆಯ ಗದ್ದೆ ಒಣಗುತ್ತಿದೆ. ಆಗ ನಿಮ್ಮ ವೇಳಾಪಟ್ಟಿ ಏನು ಮಾಡುತ್ತದೆ?"

ನನಗೆ ನಗು ಬಂದುಬಿಟ್ಟಿತು. ಯಾಕೆಂದರೆ ಉತ್ತರ ನನಗೆ ಚಿಕ್ಕಂದಿನಿಂದ ಗೊತ್ತು. ಯೋಚನೆ ಮಾಡದೆಯೇ ಹೇಳತೊಡಗಿದೆ: "ಹಂಗಾದಾಗ ನಮ್ಮಪ್ಪ ಆ ದೊಡ್ಡ ಮನುಷ್ಯಾನ ತೂಬು ಮುಚ್ಚಿ, ಅದರ ಮ್ಯಾಲ ಕುಂತು ಬುತ್ತಿ ಬಿಚ್ಚತಾನ್ರಿ. ನಮ್ಮ ಕಡಿ ಉಣ್ಣಾಕ ಕುಂತವರನ್ನ ಎಬ್ಬಿಸೂ ಹಂಗಿಲ್ಲ. ಎರಡು ರೊಟ್ಟಿ. ಮುಂಜಾನಿ ಮುರಿಯಾಕ ಚಾಲೂ ಮಾಡಿದ್ರ ಹೊತ್ತು ಮುಳುಗೂ ತನಕ ಉಣ್ತಾನ. ಅಷ್ಟರಾಗ ನೀರು ಕೊನೀ ಗದ್ದಿ ಮುಟ್ಟಿರತೈತಿ."

ಕನ್ನಡದಲ್ಲೇ ಹೇಳಿಬಿಟ್ಟಿದ್ದೆ. ಸರ್ ತಾವೇ ಇಂಗ್ಲಿಷಿಗೆ ಮಾಡಿದರು, ಮೇಡಂ ಸಿಂಹಳಕ್ಕೆ. ಮಾತು ಬಂಡಾ ಅವರನ್ನು ಮುಟ್ಟಲು ಸ್ವಲ್ಪ ಹೊತ್ತು ಹಿಡಿಯಿತು. ಮುಟ್ಟಿದ ಮೇಲೆ ಅವರು ತೊಡೆ ತಟ್ಟಿಕೊಂಡು ಎಷ್ಟು ನಕ್ಕರೆಂದರೆ ಬಾಯೊಳಗಿನ ಎಲೆಯಡಿಕೆ ಹೊರಬಂತು.

ಗಿರಿಜಾ ಮಾತ್ರ ನಗಲಿಲ್ಲ. "ನಿಮ್ಮಪ್ಪ ಆಫೀಸರ್ ಅಲ್ಲೇನಲೇ?" ಎಂದಳು.

"ಅಲ್ಲ. ನೀರಗಂಟಿ. ಅವತ್ತು ಗೇಟಿನಾಗ ಶೇಂಗಾ ತಂದಿದ್ರಲ್ಲ, ಅವರ ನಮ್ಮಪ್ಪ."

ಹೇಳಿ ಕುರ್ಚಿಯಿಂದ ಎದ್ದು ಚಾಪೆಯ ಮೇಲೆ ಕೂತೆ. ಮಾತು ಶುರುವಾದ ಮೇಲೆ ಉಳಿದದ್ದನ್ನೂ ಹೇಳಿದೆ. ಕೆಲವರು ಉಣ್ಣುವವನನ್ನು ಎಬ್ಬಿಸಬಾರದು ಎಂದು ಸುಮ್ಮನಿರುತ್ತಿದ್ದರು. ಕೆಲವರು ನಮ್ಮಪ್ಪನನ್ನು ಎಬ್ಬಿಸಬೇಕಾದರೆ ಮುಟ್ಟಬೇಕಲ್ಲ ಎಂದು ಸುಮ್ಮನಿರುತ್ತಿದ್ದರು. ಅಪ್ಪ ಎರಡನ್ನೂ ಬಳಸಿಕೊಂಡರು, ನೀರು ಮಾತ್ರ ಕೆಳಗೆ ಹೋಯಿತು. ಇದನ್ನು ಸರ್ ಇಂಗ್ಲಿಷಿಗೆ ತಿರುಗಿಸಲು ಹೋಗಿ, ನಡುವೆ ನಿಂತು, ಮತ್ತೆ ಹೇಳಿದರು. ಬಂಡಾ ಈ ಸಲ ನಗಲಿಲ್ಲ. ಅವರ ಮಗ ಖಾಲಿ ಕುರ್ಚಿಯನ್ನು ಒಳಗಿಡಲು ಎತ್ತಿಕೊಂಡಾಗ ಮುದುಕರು ಬೇಡವೆಂದು ಕೈಯಾಡಿಸಿ, ನನ್ನನ್ನೇ ಮತ್ತೆ ಅದರ ಮೇಲೆ ಕೂರಿಸಿದರು. "ಅಧಿಕಾರಿಯ ಮಗಳಿಗೆ ಅಂತ ಹಾಕಿದ್ದೆ. ವಿದಾನೆಯ ಮಗಳು ಅಂತ ಮೊದಲೇ ಹೇಳಿದ್ದರೆ ಊಟವನ್ನೂ ಮಾಡಿಸಿರುತ್ತಿದ್ದೆ" ಎಂದರಂತೆ. ಊಟ ಮಾಡಿಸಿಯೇ ಕಳಿಸಿದರು. ಮೇಡಂ ಹೇಳಿ ಒಣಮೀನು ಇಲ್ಲದ ಚಟ್ನಿ ಬೇರೆ ಮಾಡಿಸಿದ್ದರು, ಗಿರಿಜಾಳಿಗಾಗಿ.

ವಾಪಸು ದಾರಿ

ಬಸ್ಸಿನಲ್ಲಿ ಗಿರಿಜಾ ಬೇರೆ ಸೀಟಿನಲ್ಲಿ ಕೂತಳು. ಅರ್ಧ ದಾರಿಯಲ್ಲಿ ಎದ್ದು ಬಂದು, "ನನಗ ಸುಳ್ಳ ಹೇಳಿದ್ದಕ್ಕಲ್ಲ ಲೇ ಸಿಟ್ಟು. ನಾ ಅವತ್ತು ಅವರಿಗೆ ಬರ್ರಿ ಕುಂದ್ರಿ ಅಂತನೂ ಅನಲಿಲ್ಲಲ್ಲ" ಎಂದು ಕಣ್ಣೊರೆಸಿಕೊಂಡಳು. ನಾನೂ ಅತ್ತೆ. ಪಕ್ಕದಲ್ಲಿದ್ದ ಹೆಂಗಸು ಏನೂ ಕೇಳದೆ ಇಬ್ಬರ ಕೈಗೂ ಒಂದೊಂದು ಬಾಳೆಹಣ್ಣು ಕೊಟ್ಟಳು.

ಸರ್ ವಿಮಾನ ಹತ್ತುವ ಮೊದಲು ಹತ್ತಿರ ಬಂದರು.

"ಹಂಚಿದವನ ಹೆಸರು ಎಲ್ಲೈತಿ ಅಂತ ನಾನು ಕೇಳಿಕೋತನ ಬಂದೆ. ನಿಮ್ಮ ಮನ್ಯಾಗ ಐತಿ, ನೀ ಬಾಯಿ ಬಿಡಲಿಲ್ಲ. ತಪ್ಪು ನಿಂದಷ್ಟ ಅಲ್ಲ ಬಿಡವಾ, ನಾ ಕೇಳಿದ ಧಾಟಿನೂ ಹಂಗ ಇತ್ತು. ಅದ ನಿನ್ನ ವಿಷಯ. ಆದರ ನಿಮ್ಮಪ್ಪಾರು ಹೇಳಬೇಕಲ್ಲ? ಅವರು ಹೇಳದಿದ್ರ ಪ್ರಬಂಧ ಇಲ್ಲ."

ನನ್ನ ಭಯವೂ ಅದೇ ಆಗಿತ್ತು. ಗೇಟಿನ ಮುಂದೆ ತನ್ನನ್ನು ಊರಿನವನು ಎಂದ ಮಗಳಿಗೆ ಯಾವ ಅಪ್ಪ ಕೂತು ತನ್ನ ಕೆಲಸ ಬಿಡಿಸಿ ಹೇಳುತ್ತಾನೆ? ವಿಮಾನದಲ್ಲಿ ಈ ಸಲ ಮುಂದಿನ ಸೀಟು ಹಿಡಿದುಕೊಂಡು ಕೂತವಳು ನಾನು.

ಕಂಪ್ಲಿ

ಹೊಸಪೇಟೆಯಲ್ಲಿಳಿದು ಕಂಪ್ಲಿಯ ಬಸ್ಸು ಹತ್ತಿದಾಗ ಅದಿರಿನ ಲಾರಿಗಳ ಸಾಲು ಊರಾಚೆಯವರೆಗೂ ನಿಂತಿತ್ತು. ಎರಡು ವಾರ ನೋಡದೆ ಇದ್ದುದರಿಂದ ಆ ಧೂಳು ಹೊಸದಾಗಿ ಕಂಡಿತು. ಕಾಲುವೆ ಬಂದ ಮೇಲೆ ಕಿಟಕಿಯಾಚೆ ಹಸಿರಾಯಿತು.

ಮನೆ ಮುಟ್ಟಿದಾಗ ಮಧ್ಯಾಹ್ನ. ಅಪ್ಪ ಕಾಲುವೆಯಿಂದ ಆಗತಾನೆ ಬಂದು, ಕೈಕಾಲು ತೊಳೆದು, ಬರಿಮೈಯಲ್ಲಿ ಕಟ್ಟೆಯ ಮೇಲೆ ಕೂತಿದ್ದರು. ಆರಾಮಾಗಿ ಬಂದೆಯಾ ಎಂದರು. ಅವ್ವ ಕೊಟ್ಟ ನೀರು ಕುಡಿದೆ. ಆಮೇಲೆ ಮಾಡೋಣ ಅಂದರೆ ಧೈರ್ಯ ಹೋಗುತ್ತದೆ ಎಂದುಕೊಂಡು, ಚೀಲದಿಂದ ಪುಸ್ತಕ, ಪೆನ್ನು ತೆಗೆದು ಅವರ ಎದುರು ಕೂತೆ.

ಅಪ್ಪ ಪುಸ್ತಕ ನೋಡಿ ನೆಟ್ಟಗಾದರು. "ಯಾಕವ್ವಾ, ಯಾರರ ಕಂಪ್ಲೇಂಟ್ ಕೊಟ್ಟಾರೇನು?"

ಅವರ ಹೆಸರನ್ನು ಅಲ್ಲಿಯವರೆಗೆ ಯಾರಾದರೂ ಬರೆದುಕೊಂಡಿದ್ದರೆ ಅದಕ್ಕೇ.

"ಇಲ್ಲಪ್ಪ. ನಾನ ಬರೀಬೇಕು, ನನ್ನ ಎಂ.ಎ.ಕ್ಕ. ನೀರು ಹೆಂಗ ಹಂಚ್ತೀರಿ, ನಿಮ್ಮಪ್ಪ ಹೆಂಗ ಹಂಚ್ತಿದ್ದ, ಎಲ್ಲಾ. ನಿಮ್ಮ ಹೆಸರು ಹಾಕಿ ಬರೀತೀನಿ."

ಅಪ್ಪ ಕಟ್ಟೆಯ ಮೇಲಿನ ಮಣ್ಣನ್ನು ಬೆರಳಿನಿಂದ ಒರೆಸಿದರು, ಮತ್ತೆ ಒರೆಸಿದರು. ಆಮೇಲೆ ನನ್ನ ಮುಖ ನೋಡದೆ ಕೇಳಿದರು.

"ನಾ ಏನ್ ಕೆಲಸ ಮಾಡ್ತೀನಂತ ಬರೀತೀ?"

ಅವತ್ತು ಅವರಿಗೆ ಕೇಳಿಸಿತ್ತು. ನಾಲ್ಕು ವರ್ಷವೂ ಗೊತ್ತಿತ್ತು.

"ನೀರಗಂಟಿ ಅಂತ ಬರೀತೀನಪ್ಪ" ಎಂದೆ. "ಅಲ್ಲಿ ಎಲ್ಲರ ಮುಂದೂ ಅದನ್ನ ಹೇಳಿ ಬಂದೀನಿ."

ಅಪ್ಪ ಮೊಣಕಾಲ ಮೇಲೆ ಕೈಯೂರಿ ಎದ್ದರು.

"ಹಂಗಾದ್ರ ತಡಿ," ಎಂದರು, "ಅಂಗಿ ಹಾಕ್ಕೊಂಡು ಬರ್ತೀನಿ."